ಸೇವೆಗೆ ಹೋದ ಹುಡುಗ ಶನಿವಾರ ತಿರುಗಾಡಬಾರದೇ?

ನಿನ್ನೆ ಹುಬ್ಬಳ್ಳಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಸಂಬಂಧಿಕರೊಬ್ಬರು ಫೋನ್ ತೆಗೆದು ನನ್ನ ತಮ್ಮನ ಮಗನ ಫೋಟೋ ತೋರಿಸಿದರು. "ಅಲ್ಲ ಅಕ್ಕಾ, ನಿಮ್ಮ ಹುಡುಗ ಸೇವಾ ಮಾಡಾಕ ಹೋಗ್ಯಾನೋ, ಮಜಾ ಮಾಡಾಕ ಹೋಗ್ಯಾನೋ?" ಅಂದರು. ಸುತ್ತಲಿದ್ದವರು ನಕ್ಕರು. ಫೋಟೋದಲ್ಲಿ ಅವನು ಜರ್ಮನಿಯ ಟ್ಯೂಬಿಂಗೆನ್‌ನ ನೆಕ್ಕರ್ ನದಿಯಲ್ಲಿ, ಉದ್ದ ಕೋಲು ಹಾಕಿ ತಳ್ಳುವ ದೋಣಿಯೊಳಗೆ ಕೂತು ನಗುತ್ತಿದ್ದಾನೆ. ಅಷ್ಟೇ. ಆಮೇಲೆ ನನಗೆ ಊಟ ಸೇರಲಿಲ್ಲ.

ಗದಗ ಪಕ್ಕದ ನಮ್ಮ ಬೆಟಗೇರಿಯ ಚರ್ಚ್ ಸಭೆಯವರಿಗೆ ಅವನು ಗೊತ್ತು. ಪ್ರಾರ್ಥನೆ ಮಾಡಿ, ಮಿಷನರಿ ಅಂತ ಹೇಳಿ ಕಳಿಸಿದವರು ನಾವೇ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಒಂದು ವರ್ಷದ ಸೇವೆ. ಜರ್ಮನಿಯಲ್ಲಿ ಮೊದಲು ಸೈನ್ಯಕ್ಕೆ ಹೋಗಲು ಒಪ್ಪದ ಹುಡುಗರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದರು. 2011ರಲ್ಲಿ ಕಡ್ಡಾಯ ಸೈನ್ಯ ಸೇವೆ ನಿಂತಿತು, ಆ ಹುಡುಗರೂ ಬರುವುದು ನಿಂತಿತು. ಆಗ ಸರ್ಕಾರ ಸ್ವಯಂಸೇವಕರ ಯೋಜನೆ ತಂದಿತು. ನಮ್ಮ ಹುಡುಗ ಹೋಗಿರುವುದು ಅದರಲ್ಲಿ. ಇರಲು ಕೋಣೆ, ಊಟ, ಕೈಖರ್ಚಿಗೆ ಸ್ವಲ್ಪ ದುಡ್ಡು. ಪಗಾರ ಅಲ್ಲ.

ಅವನ ವಾರ ಹೇಗಿರುತ್ತೆ ಅಂತ ನನಗೆ ಗೊತ್ತು. ಭಾನುವಾರ ರಾತ್ರಿ ಫೋನ್ ಮಾಡಿ ಎಲ್ಲಾ ಹೇಳುತ್ತಾನೆ. ಅವರವ್ವನಿಗೆ ಅರ್ಧ ಹೇಳುತ್ತಾನೆ, ಅತ್ತಿ ನರ್ಸ್ ಆಗಿದ್ದವಳು ಅಂತ ನನಗೆ ಪೂರ್ತಿ.

ಬೆಳಗಿನ ಡ್ಯೂಟಿ ಇದ್ದರೆ ಕತ್ತಲಲ್ಲೇ ಏಳಬೇಕು. ಚಳಿಗಾಲದಲ್ಲಿ ಅಲ್ಲಿ ಎಂಟು ಗಂಟೆಯಾದರೂ ಸರಿಯಾಗಿ ಬೆಳಕಾಗುವುದಿಲ್ಲ. ಔಷಧಿ, ಇಂಜೆಕ್ಷನ್ ಅವನ ಕೆಲಸ ಅಲ್ಲ. ಅವನದು ಕೈಕೆಲಸ. ಹಾಸಿಗೆ ಹಿಡಿದವರನ್ನು ಸಿಸ್ಟರ್ ಜೊತೆ ಸೇರಿ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಒಂದೇ ಕಡೆ ಒತ್ತಿ ಹುಣ್ಣು (ಬೆಡ್‌ಸೋರ್) ಆಗುತ್ತೆ. ನೀರು ನುಂಗಲಾರದವರಿಗೆ ನೀರಿಗೆ ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು. ತೆಳ್ಳಗಿನ ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಒಂದೊಂದು ಚಮಚ ಕೊಟ್ಟು, ಗಂಟಲು ಆಡುವವರೆಗೆ ಕಾಯಬೇಕು. ಅವಸರ ಮಾಡುವ ಹಾಗಿಲ್ಲ. ನಮ್ಮ ಹುಡುಗ ಒಬ್ಬ ಅಜ್ಜನಿಗೆ ಹಾಗೆ ಕುಡಿಸುತ್ತಾನೆ. ಆ ಅಜ್ಜ ಬಾಯಿ ತೆರೆಯುವ ಮೊದಲು ಪ್ರತಿ ಸಲ ಇವನ ಮಣಿಕಟ್ಟು ಹಿಡಿದುಕೊಳ್ಳುತ್ತಾನಂತೆ. ಕಪ್ ಖಾಲಿಯಾಗುವವರೆಗೂ ಬಿಡುವುದಿಲ್ಲ.

ಫೋಟೋ ಬಂತಲ್ಲ, ಅದೇ ವಾರದ ಗುರುವಾರ ಅವನ ವಾರ್ಡಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ಅಲ್ಲಿ ಯಾರಾದರೂ ಸತ್ತರೆ ಕೋಣೆಯ ಕಿಟಕಿ ತೆರೆಯುವ ಹಳೇ ಪದ್ಧತಿ ಇದೆ. ಆತ್ಮ ಹೋಗಲಿ ಅಂತ. ಸಿಸ್ಟರ್ ಇವನಿಗೆ ಕಿಟಕಿ ತೆರೆ ಅಂದರಂತೆ. ತೆರೆದು ಬಂದು, ಮೈ ಒರೆಸಲು ಬಿಸಿನೀರು ತಂದುಕೊಟ್ಟ. ಆಮೇಲೆ ಮಧ್ಯಾಹ್ನದ ಊಟದ ತಟ್ಟೆ ಹಂಚಿದ. ಇಪ್ಪತ್ತೆರಡರ ಹುಡುಗ. ಅವನು ಮೊದಲ ಸಲ ನೋಡಿದ ಸಾವು ಅದು.

ಶನಿವಾರ ರಜೆ. ರೈಲು ಹತ್ತಿ ಟ್ಯೂಬಿಂಗೆನ್‌ಗೆ ಹೋದ. ತಪ್ಪೇನು?

ಇನ್ನೊಮ್ಮೆ ಕೇಳುತ್ತೇನೆ, ತಪ್ಪೇನು? ಐದು ದಿನ ಮುದುಕರ ಬಟ್ಟೆ ಬದಲಿಸಿದ ಕೈ ಆರನೇ ದಿನ ನದಿ ನೀರಲ್ಲಿ ಆಡಿದರೆ ಸೇವೆ ಕೆಡುತ್ತಾ? ಸೇವೆ ಮಾಡುವವರು ಸದಾ ಸೊರಗಿದ ಮುಖ ಹಾಕಿಕೊಂಡಿರಬೇಕು ಅನ್ನುವ ಈ ಬುದ್ಧಿ ನಮಗೆ ಎಲ್ಲಿಂದ ಬಂತೋ. ನಾನು ಟ್ರೇನಿಂಗ್‌ನಲ್ಲಿದ್ದಾಗ ಒಂದು ಆಫ್ ದಿನ ಗೆಳತಿಯರ ಜೊತೆ ಲಕ್ಕುಂಡಿಗೆ ಹೋಗಿದ್ದೆ. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಯಾರೋ ನೋಡಿ ಅಪ್ಪನಿಗೆ ಹೇಳಿದರು, "ಸಿಸ್ಟರ್ ಆಗೋರು ಹಿಂಗ ತಿರಗ್ತಾರೇನು?" ಅಪ್ಪ ಬೈಯಲಿಲ್ಲ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಎಷ್ಟೋ ವರ್ಷ ರಜೆ ದಿನ ಹಾಸ್ಟೆಲಿನಲ್ಲೇ ಕೂತಿದ್ದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅದೇ ಮಾತು ಈಗ ಈ ಹುಡುಗನ ಮೇಲೆ ಬಿದ್ದರೆ ನಾನು ಸುಮ್ನೆ ಇರುವುದಿಲ್ಲ.

ಅವನು ಟ್ಯೂಬಿಂಗೆನ್‌ಗೇ ಯಾಕೆ ಹೋದ ಅಂತ ಯಾರೂ ಕೇಳಲಿಲ್ಲ. ನಮ್ಮ ಕಿಟ್ಟೆಲ್ ಕೊನೆಯ ವರ್ಷಗಳನ್ನು ಕಳೆದ ಊರು ಅದು. 1853ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ ಇಲ್ಲಿಗೆ ಬಂದಾಗ ಕಿಟ್ಟೆಲ್‌ಗೂ ಇಪ್ಪತ್ತು ದಾಟಿತ್ತು, ಅಷ್ಟೇ. ಧಾರವಾಡದ ಸೀಮೆಯಲ್ಲಿ ಓಡಾಡಿದರು, ಜನರ ಬಾಯಿಂದ ಕನ್ನಡ ಕಲಿತರು. 1894ರಲ್ಲಿ ಅವರ ನಿಘಂಟು ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅಲ್ಲೇ ತೀರಿಕೊಂಡರು. ಕಿಟ್ಟೆಲ್ ಮಿಶನ್ ಮನೆಯ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಅಷ್ಟೇ ಮಾಡಿದ್ದರೆ ನಮಗೆ ಆ ನಿಘಂಟು ಸಿಗುತ್ತಿತ್ತಾ? ಪರದೇಶಕ್ಕೆ ಹೋದವನು ಆ ದೇಶ ನೋಡಬೇಕು. ಆ ಜನ ರಜೆ ದಿನ ಏನು ಮಾಡುತ್ತಾರೆ, ಏನು ತಿನ್ನುತ್ತಾರೆ, ಯಾವುದಕ್ಕೆ ನಗುತ್ತಾರೆ ಅಂತ ಗೊತ್ತಾಗಬೇಕು. ಸೋಮವಾರ ಆ ಅಜ್ಜನ ಮುಂದೆ ಕೂತಾಗ ಇವನ ಹತ್ತಿರ ಮಾತಾಡಲು ಏನಾದರೂ ಇರಬೇಕಲ್ವಾ? ದೋಣಿ ವಿಷಯ ಹೇಳಿದಾಗ ಅಜ್ಜ ತಾನು ಹುಡುಗನಿದ್ದಾಗ ಅಂಥದೇ ದೋಣಿಯಿಂದ ಬಿದ್ದದ್ದನ್ನು ಹೇಳಿದನಂತೆ. ಇವನು ಹೋದಾಗಿನಿಂದ ಅಜ್ಜ ಅಷ್ಟು ಉದ್ದ ಮಾತಾಡಿದ್ದು ಅವತ್ತೇ.

"ಇಲ್ಲೇನು ಮುದುಕರಿಲ್ಲೇನು, ಅಲ್ಲಿಗ್ಯಾಕ ಹೋಗಬೇಕು?" ಅಂತಲೂ ಒಬ್ಬರು ಅಂದರು. ಇದ್ದಾರೆ. ಬೆಟಗೇರಿಯಲ್ಲೂ ಇದ್ದಾರೆ, ನಿಮ್ಮ ಮನೆಯಲ್ಲೂ ಇದ್ದಾರೆ. ನಾನು ಜೀವಮಾನವಿಡೀ ಇಲ್ಲಿನವರ ಸೇವೆಯನ್ನೇ ಮಾಡಿದ್ದೇನೆ, ಹೀಗೆ ಕೇಳುವವರು ಯಾರೂ ಬಂದು ಒಂದು ಬೆಡ್‌ಪ್ಯಾನ್ ಎತ್ತಿದ್ದು ನೋಡಿಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಊರಲ್ಲಿ ಬಡವರು, ರೋಗಿಗಳು ಇರಲಿಲ್ಲವೇ? ಇದ್ದರು. ಆದರೂ ಬಂದರು. ಗದಗಿನವರು ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುವ ಆ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಪೋಸ್ಟ್ ಓದುವವರಲ್ಲೇ ಎಷ್ಟೋ ಜನ ಇದ್ದೀರಿ. ಅಲ್ಲಿಂದ ಬಂದವರ ಕೈ ನಮಗೆ ಬೇಕಾಗಿತ್ತು. ಈಗ ಅಲ್ಲಿ ಮುದುಕರು ಜಾಸ್ತಿ, ನೋಡಿಕೊಳ್ಳುವ ಕೈ ಕಡಿಮೆ. ನಮ್ಮ ಹುಡುಗ ಹೋಗಿದ್ದಾನೆ. ನನಗೆ ಅದು ಹೆಮ್ಮೆ.

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ನಮ್ಮ ಸಭೆಯ ಒಂದು ಹುಡುಗಿ ಮುಂದಿನ ವರ್ಷ ಹೋಗಬೇಕು ಅಂತ ತಯಾರಾಗಿದ್ದಳು. ಅವರಪ್ಪನೂ ನಿನ್ನೆ ಅದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಎಲ್ಲಾ ಕೇಳಿಸಿಕೊಂಡರು. ಸಂಜೆ ಫೋನ್ ಮಾಡಿ, "ಅಕ್ಕಾರ, ಮಂದಿ ಹಿಂಗ ಮಾತಾಡ್ತಾರ, ನಮ್ಮ ಹುಡುಗಿನ್ನ ಹೆಂಗ ಕಳಸೋದ್ರಿ?" ಅಂದರು.

ಅಣ್ಣಾರೇ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಕಳಿಸಿ. ಜರ್ಮನ್ ಕ್ಲಾಸಿಗೆ ಈ ತಿಂಗಳೇ ಸೇರಿಸಿ, ಭಾಷೆ ಬರದೆ ಹೋದರೆ ಮೊದಲ ತಿಂಗಳುಗಳು ಬಹಳ ಕಷ್ಟ. ಪಾಸ್‌ಪೋರ್ಟ್ ಕೆಲಸ ಈಗಲೇ ಮುಗಿಸಿ, ವೀಸಾಕ್ಕೆ ಸಮಯ ಹಿಡಿಯುತ್ತೆ. ದಪ್ಪನೆಯ ಕೋಟು, ಬೂಟು ಅಲ್ಲೇ ಕೊಳ್ಳಲಿ, ಇಲ್ಲಿನವು ಆ ಚಳಿಗೆ ಸಾಲುವುದಿಲ್ಲ. ರಜೆ ದಿನ ತಿರುಗಲು ಅಂತ ಬೇರೆಯಾಗಿ ಸ್ವಲ್ಪ ದುಡ್ಡು ಕೊಟ್ಟು ಕಳಿಸಿ. ಅಷ್ಟು ನಾನು ಕೊಡುತ್ತೇನೆ.