ಮಂಡಿಯ ಹಿಂದೆ ಯಾಕೆ ಯಾರೂ ಮುಟ್ಟಿ ನೋಡಲ್ಲ?

ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಎದುರು ಮನೆಗೆ ಹೋಗಿದ್ದೆ. ಅಜ್ಜಿ ಕಾಲು ಚಾಚಿ ಕೂತಿದ್ದರು. ಎಡಗಾಲಿನ ಮೀನಖಂಡ ಊದಿ ಬಿಗಿದುಕೊಂಡಿತ್ತು. ಸೊಸೆ ಹರಳೆಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ತಿಕ್ಕುತ್ತಿದ್ದಳು.

"ನಿಲ್ಸಮ್ಮಾ" ಅಂದೆ.

"ಎಕ್ಸ್‌ರೇ ಆಗಿದೆ ಅಕ್ಕಾ, ಮಂಡಿ ಸವೆತ ಅಷ್ಟೇ ಅಂದ್ರು."

ಮಂಡಿಯ ಹಿಂದೆ ಮುಟ್ಟಿ ನೋಡಿದ್ರಾ ಅಂತ ಕೇಳಿದೆ. ಇಲ್ವಂತೆ.

ನನ್ನ ಅಮ್ಮನ ಕಥೆ ಹೇಳುತ್ತೇನೆ. ಅವರಿಗೂ ಹೀಗೇ ಆಯಿತು. ಮೂರು ತಿಂಗಳು ಮಾತ್ರೆ ನುಂಗಿದರು. ಮಂಡಿಯ ಹಿಂದೆ ನಿಂಬೆಹಣ್ಣಿನಷ್ಟು ಗಂಟಿತ್ತು. ಕಾಲು ನೀಟಿದರೆ ಗಟ್ಟಿ, ಮಡಚಿದರೆ ಮೆತ್ತಗೆ. ಅದೇ ಬೇಕರ್ ಸಿಸ್ಟ್, ಅಂದರೆ ಮಂಡಿಯ ಹಿಂದೆ ನೀರು ತುಂಬಿಕೊಂಡ ಚೀಲ. 1877ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಸರ್ಜನ್ ವಿಲಿಯಂ ಮೊರಾಂಟ್ ಬೇಕರ್ ಅವರ ಹೆಸರೇ ಅದಕ್ಕಿದೆ. ಇಷ್ಟು ಹಳೆಯ ಕಾಯಿಲೆ ಕಣ್ಣಿಗೆ ಬೀಳಲಿಲ್ಲ ಅಂದರೆ ಬೇಜಾರಾಗಲ್ವಾ?

ಕೀಲು ಸವೆದರೆ, ಒಳಗಿನ ಮೆತ್ತೆ ಹರಿದರೆ, ಅಲ್ಲಿ ನೀರು ಜಾಸ್ತಿ ಆಗುತ್ತದೆ. ಆ ನೀರು ಹಿಂದಿನ ಚೀಲಕ್ಕೆ ನುಗ್ಗುತ್ತದೆ, ವಾಪಸ್ ಬರುವುದು ಕಷ್ಟ. ಸೂಜಿ ಹಾಕಿ ತೆಗೆದರೂ ಮಂಡಿಯ ತೊಂದರೆ ಹಾಗೇ ಇದ್ದರೆ ಮತ್ತೆ ತುಂಬಿಕೊಳ್ಳಬಹುದು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನೀರಿನ ಚೀಲ ಕಾಣಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು.

ಒಂದು ರಾತ್ರಿ ಅಮ್ಮನ ಚೀಲ ಒಡೆದು ನೀರು ಮೀನಖಂಡಕ್ಕೆ ಇಳಿಯಿತು. ಕಾಲು ಊದಿತು, ಕೆಂಪಾಯಿತು, ಅಮ್ಮ ನೋವಿಗೆ ಅತ್ತರು. ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಇದೇ ರೀತಿ ಆಗುತ್ತದೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಹೊರಗಿನಿಂದ ನೋಡಿ ಇದು ಅದೇ, ಇದು ಇದೇ ಅಂತ ಹೇಳೋಕಾಗಲ್ಲ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಲೇಬೇಕು.

ಈಗ ಹೇಳಿಬಿಡುತ್ತೇನೆ, ಇದನ್ನು ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಅಮ್ಮನ ಕಾಲನ್ನು ತಿಕ್ಕಿದ್ದು ನಾನೇ. ಅರ್ಧ ಗಂಟೆ, ಬಲವಾಗಿ. ಡಾಪ್ಲರಿನಲ್ಲಿ ಹೆಪ್ಪು ಇರಲಿಲ್ಲ. ಇದ್ದಿದ್ದರೆ? ಇವತ್ತು ಆ ಎಣ್ಣೆ ಬಟ್ಟಲು ಕಂಡಾಗ ನನ್ನ ಕೈ ನಡುಗಿತು.

"ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ, ಸ್ಕ್ಯಾನಿಂಗ್ ಸುಮ್ನೆ ಖರ್ಚು" ಎನ್ನುವವರಿದ್ದಾರೆ. ಎಷ್ಟೋ ಸಿಸ್ಟ್‌ಗಳು ತೊಂದರೆ ಕೊಡಲ್ಲ, ನಿಜ. ಮಕ್ಕಳಲ್ಲಂತೂ ಹೆಚ್ಚಾಗಿ ತಾನಾಗೇ ಕರಗುತ್ತದೆ. ಆದರೆ ಏಕಾಏಕಿ ಊದಿದ ಕಾಲಿಗೆ ಆ ಮಾತು ಹೇಳಬೇಡಿ. ಹಿಂದೆ ಕೈಯಿಟ್ಟು ನೋಡೋಕೆ ದುಡ್ಡು ಬೇಕಾ? ಮುಟ್ಟಿದಾಗ ಗಂಟು ನಾಡಿಯಂತೆ ಮಿಡಿದರೆ ಅದು ರಕ್ತನಾಳದ ಊತವೂ ಇರಬಹುದು. ಅದಕ್ಕೇ ಮೊದಲು ಮುಟ್ಟಿ ನೋಡಬೇಕು ಅಂತ ಇಷ್ಟು ಬಡಕೊಳ್ಳುತ್ತಿದ್ದೇನೆ.

ಅಜ್ಜಿಯನ್ನು ಈಗಷ್ಟೇ ಆಟೋದಲ್ಲಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರು. ಸೊಸೆಯ ಫೋನಿಗೆ ಕಾಯುತ್ತಿದ್ದೇನೆ.