ನಾನು ಗೆರೆ ಹಾಕಿದ್ದು ಎಲ್ಲಿ, ನೀವು ಕತ್ತರಿಸಿದ್ದು ಎಲ್ಲಿ?

ಕಾರಿನ ಹೆಡರನ್ನು, ಅಂದರೆ ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಪೈಪುಗಳ ಜೋಡಣೆಯನ್ನು, ಸ್ವಲ್ಪ ಗಿಡ್ಡ ಮಾಡಲು ಒಂದು ವೆಲ್ಡಿಂಗ್ ಶಾಪಿಗೆ ಕೊಟ್ಟಿದ್ದೆ. ಎರಡೇ ಕಡೆ ಕತ್ತರಿಸಿ ಅಂತ ಹೇಳಿದ್ದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದೆ. ಕೆಳಗಿನ ಎರಡೂ ಪೈಪಿನಿಂದ ಒಂದೇ ಅಳತೆಯ ತುಂಡು ತೆಗೆಯಿರಿ, ಕಾರಿಗೆ ಬಿಗಿದು ಅಲ್ಲೇ ಟ್ಯಾಕ್ (ಹಿಡಿದು ನಿಲ್ಲುವಷ್ಟು ಚುಕ್ಕೆ ಬೆಸುಗೆ) ಹೊಡೆಯಿರಿ, ಸರಿ ಕೂತಿದೆ ಅಂತ ನೋಡಿ ಆಮೇಲೆ ಪೂರ್ತಿ ವೆಲ್ಡ್ ಮಾಡಿ. ಇಷ್ಟನ್ನು ಕನ್ನಡದಲ್ಲೂ ಹೇಳಿದೆ, ತುಳುವಿನಲ್ಲೂ ಹೇಳಿದೆ. "ಆಪುಂಡು (ಆಗ್ತದೆ) ಮಾರಾಯ್ರೆ, ನೀವು ಸಂಜೆ ಬನ್ನಿ" ಅಂದರು. ಸಂಜೆ ಹೋಗಿ ನೋಡಿದರೆ ಮೇಲಿನ ನಾಲ್ಕೂ ಪೈಪ್ ಕತ್ತರಿಸಿ, ಜೋಡಿಯನ್ನೇ ಅದಲುಬದಲು ಮಾಡಿ ಅಂಟಿಸಿ ಇಟ್ಟಿದ್ದಾರೆ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನದು ಮಾರುತಿ ಎಸ್ಟೀಮ್. 2007ರಲ್ಲೇ ನಿಂತುಹೋದ ಕಾರು. ಅದರ ಎರಕದ ಮ್ಯಾನಿಫೋಲ್ಡ್, ಅಂದರೆ ಹೆಡರಿನ ಜಾಗದಲ್ಲಿ ಕಂಪನಿ ಹಾಕಿದ ಹೊಗೆ ಕೊಳವೆ, ಬಿರುಕು ಬಿಟ್ಟಿತ್ತು. ಎಸ್ಟೀಮಿಗೆ ಅಂತಲೇ ಮಾಡಿದ ಹೆಡರ್ ಎಲ್ಲೂ ಸಿಗಲಿಲ್ಲ. ಕುಂದಾಪುರದಲ್ಲಿ ಒಬ್ಬರ ಹತ್ತಿರ ಹಳೇ ಬಲೆನೊಗೆ ಮಾಡಿಸಿದ 4-2-1 ಹೆಡರ್ (ನಾಲ್ಕು ಪೈಪ್ ಎರಡಾಗಿ, ಆ ಎರಡು ಒಂದಾಗಿ ಕೂಡುವಂಥದ್ದು) ಇತ್ತು. ಈಗಿನ ಬಲೆನೊ ಹ್ಯಾಚ್‌ಬ್ಯಾಕ್ ಅಲ್ಲ, 1999ರಲ್ಲಿ ಬಂದ ಸೆಡಾನ್. ಹೆಡರ್ 304 ದರ್ಜೆಯ ಸ್ಟೇನ್‌ಲೆಸ್, ಮ್ಯಾಂಡ್ರೆಲ್ ಬೆಂಡ್ (ಒಳಗೆ ಆಧಾರ ಇಟ್ಟು ಬಗ್ಗಿಸಿದ್ದು), ಪೈಪ್ ಎಲ್ಲೂ ಚಪ್ಪಟೆಯಾಗಿಲ್ಲ. ಅಷ್ಟು ಚಂದದ ಕೆಲಸ. ತಂದು ನನ್ನ ಎಂಜಿನ್ನಿನ ಹೆಡ್ಡಿಗೆ (ಮೇಲಿನ ಭಾಗ) ಹಿಡಿದು ನೋಡಿದೆ. ಎಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿಯುವ ಪಟ್ಟಿ, ಅಂದರೆ ಫ್ಲ್ಯಾಂಜ್, ಸರಿಯಾಗಿ ಕೂತಿತು, ಬೋಲ್ಟ್ ತೂತುಗಳೂ ಕೂಡಿ ಬಂದವು. ಎರಡೂ ಸುಜುಕಿಯ ಜಿ ಸರಣಿಯ ಎಂಜಿನ್ ಅಲ್ವಾ.

ಎತ್ತರ ಮಾತ್ರ ಬೇರೆ. ಬಲೆನೊದ 1.6 ಲೀಟರ್ ಎಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90 ಮಿಲಿಮೀಟರ್, ನನ್ನ 1.3ರದ್ದು 75.5. ಹಾಗಾಗಿ ಅದರ ಬ್ಲಾಕ್ ಎತ್ತರ, ಹೆಡ್ ಮೇಲೆ ಕೂರುತ್ತದೆ. ಅದೇ ಹೆಡರನ್ನು ಎಸ್ಟೀಮಿಗೆ ಹಾಕಿದರೆ ಎಂಜಿನ್ ಅಡಿಯ ಆಯಿಲ್ ಸಂಪಿನ ಕೆಳಗೆ ಹಾಯುವ ಭಾಗ ನೆಲದ ಕಡೆ ಜೋತು ಬೀಳುತ್ತದೆ. ನಮ್ಮೂರಿನ ಹಂಪುಗಳಿಗೆ ಅದು ಒಂದು ದಿನವೂ ಬಾಳುವುದಿಲ್ಲ. ಇದಕ್ಕೆ ದಾರಿ ಸುಲಭ. ನಾಲ್ಕು ಪೈಪ್ ಎರಡಾಗಿ ಕೂಡಿದ ಮೇಲೆ ನೇರ ಇಳಿಯುವ ಜಾಗ ಉಂಟು. ಆ ಎರಡರಿಂದ ಸಮ ಅಳತೆ ತೆಗೆದರೆ ಮುಗಿಯಿತು. ಮೇಲಿನ ನಾಲ್ಕನ್ನು ಮುಟ್ಟುವ ಕೆಲಸವೇ ಇಲ್ಲ.

ಅವರು ಮುಟ್ಟಿದ್ದು ಅದನ್ನೇ! ಯಾಕೆ ಅಂತ ಕೇಳಿದೆ. ಅಲ್ಲಿ ಗ್ರೈಂಡರ್ ಸಲೀಸಾಗಿ ಹೋಗುತ್ತದಂತೆ. ಬಾಗಿದ ಜಾಗದಲ್ಲಿ ಕತ್ತರಿಸಿದ ಮೇಲೆ ಬಾಯಿಗೆ ಬಾಯಿ ಕೂಡಲಿಲ್ಲ. ಆಗ ಏನು ಮಾಡಬೇಕು? ಒಂದು ಫೋನ್ ಮಾಡಬಾರದಾ? ಅದು ಬಿಟ್ಟು ಅಕ್ಕಪಕ್ಕದ್ದನ್ನು ಕೂಡಿಸಿಬಿಟ್ಟರು. 1 ಮತ್ತು 2ನೇ ಸಿಲಿಂಡರಿನ ಪೈಪ್ ಒಂದು ಕಡೆ, 3 ಮತ್ತು 4ರದ್ದು ಇನ್ನೊಂದು ಕಡೆ.

ಈ ಎಂಜಿನ್ನಿನ ಸಿಲಿಂಡರುಗಳು ಉರಿಯುವ ಸರದಿ 1-3-4-2. 4-2-1 ಹೆಡರಿನಲ್ಲಿ 1ಕ್ಕೆ 4, 2ಕ್ಕೆ 3 ಜೋಡಿ ಮಾಡುವುದು ಚಂದಕ್ಕಲ್ಲ. ಹಾಗೆ ಮಾಡಿದರೆ ಒಂದೇ ಪೈಪಿಗೆ ಬರುವ ಎರಡು ಹೊಗೆಗಳ ನಡುವೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಹಾಕಿರುತ್ತದೆ. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಿಗುವುದೇ ಅದರಿಂದ. ಈಗ ನನ್ನ ಕಾರಿನಲ್ಲಿ 2ರ ಹೊಗೆ ಹೊರಟು ಅರ್ಧ ಸುತ್ತಿಗೆ ಅದೇ ಪೈಪಿಗೆ 1ರದ್ದು ನುಗ್ಗುತ್ತದೆ. ಮೊದಲು ಕದ್ರಿ ಗುಡ್ಡೆಯ ಏರನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಾರು ಈಗ ಎರಡಕ್ಕೆ ಇಳಿಸದೆ ಹತ್ತುವುದಿಲ್ಲ. ಬಿರುಕು ಬಿಟ್ಟ ಹಳೇ ಮ್ಯಾನಿಫೋಲ್ಡೇ ಇದಕ್ಕಿಂತ ವಾಸಿ ಇತ್ತು.

ಇದನ್ನೆಲ್ಲ ಹೇಳಿದರೆ ಬಂದ ಉತ್ತರ, "ಸೌಂಡ್ ಒಳ್ಳೇದು ಬರ್ತದಲ್ಲ?" ನನಗೆ ಸೌಂಡ್ ಬೇಡ ಮಾರಾಯ್ರೆ! ಹೊಗೆ ಶುದ್ಧ ಮಾಡುವ ಕ್ಯಾಟ್ ಹಾಗೇ ಇರಲಿ, ಹಿಂದಿನ ಸೈಲೆನ್ಸರ್ ಕಂಪನಿಯದ್ದೇ ಇರಲಿ ಅಂತ ಮೊದಲೇ ಹೇಳಿದ್ದೆ. ಹೆಡರ್ ಅಂದ ಕೂಡಲೇ ರಾತ್ರಿ ಹನ್ನೆರಡಕ್ಕೆ ಊರು ಎಬ್ಬಿಸುವವನು ಅಂತ ಯಾಕೆ ತಿಳಿದುಕೊಳ್ಳುತ್ತೀರಿ?

ವೆಲ್ಡಿಂಗ್ ಕತೆ ಬೇರೆ. ಸ್ಟೇನ್‌ಲೆಸ್ ಪೈಪಿಗೆ ಮೈಲ್ಡ್ ಸ್ಟೀಲ್ ತಂತಿ ಹಾಕಿ ಮಿಗ್ (ಮೆಷಿನ್ನೇ ತಂತಿ ಉಣಿಸುವ ಬೇಗದ ವೆಲ್ಡಿಂಗ್) ಹೊಡೆದಿದ್ದಾರೆ. 304ಕ್ಕೆ 308ಎಲ್ ಅನ್ನುವ ಸ್ಟೇನ್‌ಲೆಸ್ ರಾಡ್ ಹಾಕಬೇಕು ಅನ್ನುವುದು ಗುಟ್ಟಿನ ವಿಷಯವಾ? ಬಿಸಿ ಲೋಹಕ್ಕೆ ಗಾಳಿ ತಾಗದಂತೆ ಪೈಪಿನ ಒಳಗೆ ಆರ್ಗನ್ ಅನಿಲ ಬಿಡಬೇಕು, ಬಿಡಲೇ ಇಲ್ಲ. ಒಳಗೆ ಬೆರಳು ಹಾಕಿದರೆ ಕಪ್ಪು ಕಪ್ಪು ಹರಳು ಕೈಗೆ ಸಿಗುತ್ತದೆ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರು ಇದು. ಮೊದಲ ಮಳೆಗೇ ಪ್ರತಿ ಬೆಸುಗೆಯ ಮೇಲೂ ತುಕ್ಕು ಬಂತು.

ಇನ್ನು ಫ್ಲ್ಯಾಂಜ್. ಬೆಸುಗೆ ತಣ್ಣಗಾಗುವಾಗ ಲೋಹ ಎಳೆಯುತ್ತದೆ. ಹಾಗಾಗಿ ಫ್ಲ್ಯಾಂಜನ್ನು ದಪ್ಪ ಪ್ಲೇಟಿಗೋ ಹಳೇ ಹೆಡ್ಡಿಗೋ ಬಿಗಿದು ವೆಲ್ಡ್ ಮಾಡಬೇಕು, ತಣಿಯುವ ತನಕ ಬಿಚ್ಚಬಾರದು. ಇವರು ನೆಲದ ಮೇಲಿಟ್ಟು ಮಾಡಿದ್ದಾರೆ. ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಅಡಿಯಲ್ಲಿ ಬೆಳಕು ಕಾಣುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಸೋರುತ್ತದೆ. ಆ ಸಂದಿಯಿಂದ ಹೊರಗಿನ ಗಾಳಿಯೂ ಒಳಗೆ ಸೇರುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಆಯಿತು ಅಂತ ಹೇಳುತ್ತದೆ, ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಇನ್ನಷ್ಟು ಸುರಿಯುತ್ತದೆ. ಎಳೆತವೂ ಇಲ್ಲ, ಮೈಲೇಜೂ ಇಲ್ಲ.

ಕೆಲಸ ಗೊತ್ತಿರುವವರು ಇಲ್ಲಿ ಇಲ್ಲ ಅಂದಿದ್ದರೆ ಒಪ್ಪುತ್ತಿದ್ದೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದ ಶಟ್‌ಡೌನಿಗೆ ಪೈಪ್ ವೆಲ್ಡ್ ಮಾಡುವವರು ಈ ಊರಿನಲ್ಲಿದ್ದಾರೆ. ಮಲ್ಪೆಯಲ್ಲಿ, ಇಲ್ಲಿನ ಬಂದರಿನ ಧಕ್ಕೆಯಲ್ಲಿ ಬೋಟಿನ ಸ್ಟೇನ್‌ಲೆಸ್ ಕೆಲಸ ಮಾಡುವವರ ಬೆಸುಗೆ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ಆ ಶಾಪಿನಲ್ಲೂ ಇಂಥ ನಾಜೂಕು ಬೆಸುಗೆಗೆ ಬೇಕಾದ ಟಿಗ್ ಮೆಷಿನ್ ಇತ್ತು! ಮೂಲೆಯಲ್ಲಿ ಕವರ್ ಹಾಕಿ ಇಟ್ಟಿದ್ದರು. ಅದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟೇ ಕಾರಣ. 8,000 ರೂಪಾಯಿ ಎಣಿಸಿ ತೆಗೆದುಕೊಳ್ಳುವಾಗ ಆ ಅವಸರ ಇರಲಿಲ್ಲ.

ಕತ್ತರಿಸಿ ತೆಗೆದ ತುಂಡುಗಳಾದರೂ ಕೊಡಿ, ಬೇರೆಯವರ ಹತ್ತಿರ ಸರಿ ಮಾಡಿಸುತ್ತೇನೆ ಅಂದೆ. ಗುಜರಿಗೆ ಹೋಯಿತು ಅಂದರು. ನನ್ನ ದುಡ್ಡಿನ ಪೈಪನ್ನು ನನ್ನನ್ನು ಕೇಳದೆ ಗುಜರಿಗೆ ಹಾಕಲು ಇವರು ಯಾರು? ಅಂಥ ಬೆಂಡ್ ಈಗ ಬೆಂಗಳೂರಿನಿಂದ ತರಿಸಬೇಕು.

ದುಡ್ಡು ವಾಪಸ್ ಕೇಳಿದ್ದೇನೆ, ಮತ್ತೆ ಕೇಳುತ್ತೇನೆ. ಅಷ್ಟರಲ್ಲಿ ಮಂಗಳೂರು, ಉಡುಪಿ ಕಡೆ ಒಳಗೆ ಆರ್ಗನ್ ಬಿಟ್ಟು ಟಿಗ್ ಹೊಡೆಯುವವರು, ಕಾರಿನ ಮೇಲೆಯೇ ಟ್ಯಾಕ್ ಮಾಡಲು ಒಪ್ಪುವವರು ಯಾರಾದರೂ ಇದ್ದರೆ ಹೇಳಿ. ದರ ಜಾಸ್ತಿಯಾದರೂ ಕೊಡುತ್ತೇನೆ. ಕಾರು ಬಿಟ್ಟು ಮಾತ್ರ ಹೋಗುವುದಿಲ್ಲ, ಕತ್ತರಿಸುವಾಗ ಪಕ್ಕದಲ್ಲೇ ನಿಂತಿರುತ್ತೇನೆ.