ಸೊನ್ನೆ ಕ್ರೆಡಿಟ್ಟಿನ ಭಾರ

ನಮ್ಮ ಕ್ಲಾಸಿನ ಹಾಜರಿ ಪುಸ್ತಕದಲ್ಲಿ 63ನೇ ನಂಬರು ಆದ ಮೇಲೆ ಸೀದಾ 400 ಬರುತ್ತದೆ. ನನ್ನದು 404. ಕಂಪ್ಯೂಟರ್ ಸೈನ್ಸ್ ಹುಡುಗರು ಅದನ್ನು ಕೇಳಿ ಯಾಕೆ ನಗುತ್ತಾರೆ ಎಂದು ಮೆಕ್ಯಾನಿಕಲ್‌ನವನಾದ ನನಗೆ ಎರಡು ದಿನ ತಿಳಿಯಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದ ಪುಟ ಸಿಗದಾಗ ಬರುವ ನಂಬರಂತೆ ಅದು. ಹಾಜರಿ ಕರೆಯುವ ಸರ್ 63 ಆದ ಕೂಡಲೇ ಪುಸ್ತಕ ಮುಚ್ಚುತ್ತಿದ್ದರು. ಹಿಂದಿನ ಬೆಂಚಿನಿಂದ ನಾವು ಆರು ಮಂದಿ ಎದ್ದು "ಸರ್, ಲ್ಯಾಟರಲ್ ರೀ" ಎನ್ನಬೇಕು. ಮತ್ತೆ ಪುಸ್ತಕ ತೆರೆಯುತ್ತಿದ್ದರು. ಹಾಲ್ ಟಿಕೆಟ್ ನೋಡಿದ ನಮ್ಮವ್ವ, "ನಾಕನೂರು ಹುಡುಗ್ರಿಗೆ ಕುಂಡ್ರಾಕ ಜಾಗಾ ಸಾಕಾಗ್ತೈತೇನೋ?" ಎಂದು ಕೇಳಿದಳು. ನಡುವಿನ 336 ಮಂದಿ ಹುಟ್ಟೇ ಇಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಸೀದಾ ಬಿಇ ಎರಡನೇ ವರ್ಷಕ್ಕೆ ಬರುವುದಕ್ಕೆ ಲ್ಯಾಟರಲ್ ಎಂಟ್ರಿ ಅಂತ ಹೆಸರು. ಲ್ಯಾಟರಲ್ ಎಂದರೆ ಪಕ್ಕದಿಂದ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಹಿಡಿದ ಸೀಟು ನಮ್ಮದೇ, ಆದರೆ ಬಾಗಿಲಿನಿಂದ ಹತ್ತಿದವರು ಊರು ಮುಟ್ಟುವವರೆಗೂ ನಮ್ಮನ್ನು ಒಂದು ಥರಾ ನೋಡುತ್ತಾರೆ.

ನಾನು ಸೇರಿದ ವಿಟಿಯುನ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, 2021ರ ಸ್ಕೀಮಿನಲ್ಲಿ ಪದವಿಗೆ 160 ಕ್ರೆಡಿಟ್ ಬೇಕು. ಕ್ರೆಡಿಟ್ ಎಂದರೆ ಒಂದೊಂದು ವಿಷಯಕ್ಕೆ ಕಟ್ಟಿದ ತೂಕ. ನಮಗೆ 120 ಸಾಕು. ಮೊದಲ ವರ್ಷದ 40 ಮನ್ನಾ. ಊರಲ್ಲಿ ಇದನ್ನು ಹೇಳಿದಾಗ ಎಲ್ಲರಿಗೂ ಖುಷಿ. ನಮ್ಮಪ್ಪ ಮಾತ್ರ ಸುಮ್ಮನಿದ್ದ. ಅವನು ರೈತ. ಮನ್ನಾ ಪೇಪರಿನಲ್ಲಿ ಬರುತ್ತದೆ, ನೋಟಿಸು ಮನೆಗೇ ಬರುತ್ತದೆ ಎಂದು ಅವನಿಗೆ ಗೊತ್ತು.

ನೋಟಿಸು ಬಂತು. ಅದರ ಹೆಸರು ಅಡಿಷನಲ್ ಮ್ಯಾಥಮ್ಯಾಟಿಕ್ಸ್. ಮೂರನೇ ಸೆಮಿಸ್ಟರಿಗೆ ಒಂದು, ನಾಲ್ಕನೆಯದಕ್ಕೆ ಇನ್ನೊಂದು, ಎರಡೂ ನಮ್ಮಂಥವರಿಗೆ ಮಾತ್ರ. ಕ್ರೆಡಿಟ್ ಎಷ್ಟು? ಸೊನ್ನೆ. ಹಾಗಾದರೆ ಬಿಡಬಹುದಾ? ಬಿಡುವ ಹಾಗಿಲ್ಲ, ಪಾಸಾಗದಿದ್ದರೆ ಡಿಗ್ರಿ ಇಲ್ಲ. ಜಾಸ್ತಿ ಮಾರ್ಕ್ಸ್ ತೆಗೆದರೆ? ಉಪಯೋಗವಿಲ್ಲ, ಸೆಮಿಸ್ಟರಿನ ಸರಾಸರಿ ಗ್ರೇಡಾದ ಎಸ್‌ಜಿಪಿಎ ಲೆಕ್ಕಕ್ಕೆ ಅದು ಸೇರುವುದಿಲ್ಲ. ಅಂದರೆ ಮನೆಯ ಸೋದರಮಾವನ ಹಾಗೆ. ಆಸ್ತಿಯಲ್ಲಿ ಪಾಲಿಲ್ಲ, ಆದರೆ ಅವನು ಮುಖ ಸಿಂಡರಿಸಿ ಕೂತರೆ ಮದುವೆ ನಡೆಯುವುದಿಲ್ಲ.

ಸಿಲಬಸ್ಸು ನಮ್ಮೊಳ್ಳೆಯದಕ್ಕೇ ಇದೆ ಎಂದು ಒಪ್ಪುತ್ತೇನೆ. ಡಿಪ್ಲೊಮಾದಲ್ಲಿ ಇಂಟಿಗ್ರೇಷನ್ ಕಲಿತದ್ದು ಮೊದಲ ವರ್ಷದಲ್ಲಿ. ಆಮೇಲೆ ಲೇತ್ ಮಷಿನ್ ಮುಂದೆ ನಿಂತು ನಿಂತು ಅದೆಲ್ಲ ಲೋಹದ ಚೂರಿನ ಜೊತೆ ಉದುರಿ ಹೋಗಿತ್ತು. ಮರೆತದ್ದನ್ನು ಮತ್ತೆ ಕಲಿಸುವುದು ಪುಣ್ಯದ ಕೆಲಸವೇ. ಯಾವಾಗ ಕಲಿಸುತ್ತಾರೆ ಅನ್ನುವುದರಲ್ಲಿದೆ ಮಜಾ. ಸಿಲಬಸ್ಸು ವಿಶ್ವವಿದ್ಯಾಲಯದ್ದಾದರೂ ಟೈಮ್‌ಟೇಬಲ್ ಕಾಲೇಜಿನದು ನೋಡಿ.

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರ ಜೊತೆ ಮೂರನೇ ಸೆಮಿಸ್ಟರಿನ ಗಣಿತ. ಲ್ಯಾಪ್ಲಾಸ್, ಫೊರಿಯರ್ ಎಂಬ ಗಣಿತದ ದೊಡ್ಡ ಮನುಷ್ಯರು, ಅಂದರೆ ಅವರ ಹೆಸರಿನ ಪಾಠಗಳು, ಬರುವುದು ಅಲ್ಲೇ. ಇವರಿಬ್ಬರನ್ನೂ ಮಾತಾಡಿಸಲು ಇಂಟಿಗ್ರೇಷನ್ ಬರಬೇಕು. ಆ ಇಂಟಿಗ್ರೇಷನ್ ಕಲಿಸುವ ಅಡಿಷನಲ್ ಮ್ಯಾಥ್ಸ್ ಸಂಜೆ ನಾಲ್ಕಕ್ಕೆ. ಮೊದಲು ಊಟ, ಆಮೇಲೆ ಅಡುಗೆ. ಅಷ್ಟೇ ಅಲ್ಲ, ಎರಡಕ್ಕೂ ಒಬ್ಬರೇ ಸರ್! ಬೆಳಿಗ್ಗೆ ಬೋರ್ಡಿನ ಮೇಲೆ ಇಂಟಿಗ್ರೇಷನ್ನಿನ ಗುರುತಾದ ಉದ್ದನೆಯ ಎಸ್ ಎಳೆದು, "ಇದನ್ನ ಫಸ್ಟ್ ಇಯರ್‌ನ್ಯಾಗ ಕಲ್ತೀರಿ, ಮುಂದ ಹೋಗೂಣು" ಎನ್ನುತ್ತಿದ್ದರು. ಸಂಜೆ ಅದೇ ಎಸ್ ಎಳೆದು, "ಇದನ್ನ ಇನ್ನ ನಿಧಾನಕ್ಕ ಕಲಿಯೂಣು" ಎನ್ನುತ್ತಿದ್ದರು. ಅದೂ ತ್ರಿಕೋನಮಿತಿ, ವೆಕ್ಟರ್, ಡಿಫರೆನ್ಷಿಯೇಷನ್ ಎಲ್ಲ ದಾಟಿ ನಾಲ್ಕನೇ ಮಾಡ್ಯೂಲಿಗೆ ಬಂದ ಮೇಲೆ. ಪಾಪ, ಅವರದೇನೂ ತಪ್ಪಿಲ್ಲ. ಒಂಬತ್ತು ಗಂಟೆಯ ಸರ್‌ಗೆ ನಾಲ್ಕು ಗಂಟೆಯ ಸರ್ ಪರಿಚಯವಿರಲಿಲ್ಲ ಅಷ್ಟೇ.

ನಾವು ಬಂದದ್ದೂ ತಡವಾಗಿಯೇ ಅನ್ನಿ. ಸೀಟು ಹಂಚಿಕೆಯ ಸುತ್ತುಗಳೆಲ್ಲ ಮುಗಿದು ನಾನು ಕ್ಲಾಸಿಗೆ ಕಾಲಿಟ್ಟ ದಿನ ಲ್ಯಾಪ್ಲಾಸ್ ಆಗಲೇ ಊರು ಬಿಟ್ಟಿದ್ದ, ಫೊರಿಯರ್ ಬಂದು ಕೂತಿದ್ದ. ಮೂರನೇ ದಿನ ಮೊದಲ ಇಂಟರ್ನಲ್ಸ್, ಅಂದರೆ ಕಾಲೇಜಿನದೇ ಪರೀಕ್ಷೆ. ನಾಲ್ಕನೇ ದಿನ ಲ್ಯಾಟರಲ್ ಹುಡುಗರಿಗಾಗಿ ಎರಡು ತಾಸಿನ ವಿಶೇಷ ಭಾಷಣ. ವಿಷಯ: ಸಮಯ ಪಾಲನೆ. ಅದನ್ನು ಇಟ್ಟದ್ದು ಅಡಿಷನಲ್ ಮ್ಯಾಥ್ಸ್ ಪೀರಿಯಡ್ಡಿನಲ್ಲಿ.

ಭಾಷಣದಲ್ಲಿ ಹೇಳಿದಂತೆ ನಾನೂ ಒಂದು ಚಾರ್ಟ್ ಮಾಡಿದೆ. ನಂದಗಡದಿಂದ ಬಸ್ಸು ಹಿಡಿದು ಬೆಳಗಾವಿಗೆ ಬರುವವನ ಚಾರ್ಟಿನಲ್ಲಿ ಬಸ್ಸಿಗೇ ದೊಡ್ಡ ಪಾಲು. ಹಾಗಾಗಿ "ಖಾನಾಪುರ ದಾಟಿದ ಮೇಲೆ: ಇಂಟಿಗ್ರೇಷನ್ ಬೈ ಪಾರ್ಟ್ಸ್" ಎಂದು ಬರೆದುಕೊಂಡೆ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ನೋಟ್ಸಿಗೆ, ಪಕ್ಕದಲ್ಲಿ ಮಾರ್ಕೆಟ್ಟಿಗೆ ಹೊರಟ ಕಾಕಾನ ಮೆಣಸಿನಕಾಯಿ ಚೀಲ. ದಾರಿಯಲ್ಲಿ ಮಚ್ಚೆ ಬರುತ್ತದೆ, ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಅಲ್ಲೇ. ಮೊದಮೊದಲು ಅಲ್ಲಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ. ಆಮೇಲೆ ಕಂಬಿ ಬಿಟ್ಟರೆ ಬೀಳುತ್ತೇನೆ ಎಂದು ತಲೆ ಮಾತ್ರ ಬಗ್ಗಿಸುತ್ತಿದ್ದೆ.

ಬೈ ಪಾರ್ಟ್ಸ್ ಮಾಡುವಾಗ ಯಾವುದನ್ನು ಮೊದಲು ಹಿಡಿಯಬೇಕು ಎನ್ನುವುದಕ್ಕೆ ಹುಡುಗರು ಬಾಯಿಪಾಠ ಮಾಡುವ ಒಂದು ಸೂತ್ರವಿದೆ. ಐಲೇಟ್. ಇನ್ವರ್ಸ್, ಲಾಗ್, ಆಲ್ಜಿಬ್ರಾ, ಟ್ರಿಗ್ನೊಮೆಟ್ರಿ, ಎಕ್ಸ್‌ಪೊನೆನ್ಷಿಯಲ್ ಅಂತ. ಬಸ್ಸು ಕೆಟ್ಟ ದಿನ ಕ್ಲಾಸಿನ ಬಾಗಿಲಲ್ಲಿ ನಿಂತು ನಾನು ಹೇಳುತ್ತಿದ್ದದ್ದೂ ಅದನ್ನೇ. ಹಾಜರಿ 85 ಪರ್ಸೆಂಟ್ ಬೇಕಲ್ಲ.

ಆಯ್ಕೆಯ ವಿಷಯಗಳ ಬಗ್ಗೆ ಒಂದು ಮಾತು. ಇದು ಚಾಯ್ಸ್ ಬೇಸ್ಡ್ ಕ್ರೆಡಿಟ್ ಸಿಸ್ಟಮ್. ಮೊಬೈಲಿಗೆ ಒಂದು ಫಾರ್ಮ್ ಬರುತ್ತದೆ, ಮೂರು ವಿಷಯ ಇರುತ್ತವೆ, ನಿಮಗೆ ಬೇಕಾದ್ದನ್ನು ಆರಿಸಿ ಎಂದಿರುತ್ತದೆ. ಕಲಿಸುವವರು ಇರುವುದು ಒಂದಕ್ಕೇ. ನಿಶ್ಚಿತಾರ್ಥ ಆದ ಮೇಲೆ ಹೆಣ್ಣು ನೋಡಲು ಕರೆದ ಹಾಗೆ. ಉಪ್ಪಿಟ್ಟು ತಿಂದು ಬರುವುದು.

ನ್ಯಾಯವಾಗಿ ಭಾಗಿಸಿದ್ದು ಒಂದೇ ಒಂದು ಕಂಡೆ, ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯ ಆಕ್ಟಿವಿಟಿ ಪಾಯಿಂಟ್ಸ್. ಸಮಾಜ ಸೇವೆ ಮಾಡಿ ಗಳಿಸಬೇಕಾದ ಪಾಯಿಂಟುಗಳು ನಾಲ್ಕು ವರ್ಷದವರಿಗೆ 100, ನಮಗೆ 75. ವರ್ಷಕ್ಕೆ 25, ಎಷ್ಟು ಚೆಂದದ ಲೆಕ್ಕ! ಈ ಲೆಕ್ಕ ಮಾಡಿದ ಪುಣ್ಯಾತ್ಮನ ಕೈಗೆ ನಮ್ಮ ಟೈಮ್‌ಟೇಬಲ್ ಕೊಡಬೇಕಿತ್ತು. ನಾನು ಒಂದು ಭಾನುವಾರ ಗಿಡ ನೆಡಲು ಹೋದೆ. ಗುಂಡಿ ಬೆಳಿಗ್ಗೆ, ಗಿಡ ಸಂಜೆ ಬಂತು. ಸಾಲು ಸರಿಯಾಗಿಯೇ ಇದೆ ಎಂದು ನನಗೆ ಆಶ್ಚರ್ಯವಾಯಿತು.

ಸೆಮಿಸ್ಟರಿನ ಕೊನೆಯ ವಾರ. ಬೆಳಗಿನ ಗಣಿತದ ಇಂಟರ್ನಲ್ಸ್ ಎಲ್ಲ ಮುಗಿದಿದ್ದವು. ರೆಗ್ಯುಲರ್ ಹುಡುಗರು ಪಾಸಾಗಲು ಸಾಕಾಗುವಷ್ಟೇ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಹುಡುಕುತ್ತಾ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರು. ನಾವು ಆರು ಮಂದಿ ನಾಲ್ಕು ಗಂಟೆಯ ಕ್ಲಾಸಿನಲ್ಲಿದ್ದೆವು. ಸರ್ ಇಂಟಿಗ್ರೇಷನ್ನಿನ ಕೊನೆಯ ಲೆಕ್ಕ ಮುಗಿಸಿ, ಕೈಯ ಸುಣ್ಣ ಕೊಡವಿ, ಬಹಳ ಪ್ರೀತಿಯಿಂದ ಹೇಳಿದರು:

"ಆತು ನೋಡ್ರಿ. ಇನ್ನ ನಿಮಗ ಫೊರಿಯರ್ ಸಿರೀಸ್ ಹೇಳಿಕೊಟ್ರ ಭಾಳ ಸರಳ ತಿಳಿತೈತಿ."

"ಯಾವಾಗ್ ಹೇಳಿಕೊಡ್ತಾರ್ರೀ ಸರ್?" ಎಂದ 402.

ಸರ್ ಗೋಡೆಯ ಟೈಮ್‌ಟೇಬಲ್ ಕಡೆ ಒಮ್ಮೆ ನೋಡಿದರು. ಆಮೇಲೆ ಬೋರ್ಡ್ ಒರೆಸಿದರು.